ಹಿತ್ತಲ ಬಾಗಿಲಲ್ಲಿ ಅಪ್ಪ

ಸದಲಗಾದಿಂದ ನಿಪ್ಪಾಣಿಗೆ ಹೋಗುವ ಬಸ್ಸಿನಲ್ಲಿ ಮೊನ್ನೆ ಒಬ್ಬ ಹೆಂಗಸು ಬಂದು ನನ್ನ ಪಕ್ಕ ಕುಳಿತಳು. ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ದುಡಿಯುವವಳಿರಬೇಕು. ಸೆರಗು ಕೊಡವಿಕೊಂಡೇ ಹತ್ತಿದ್ದಳು, ಆದರೂ ಆ ಘಾಟು ಅವಳ ಜೊತೆಗೇ ಬಂದಿತ್ತು. ಮುಂದಿನ ಸೀಟಿನವರು ಮೂಗಿಗೆ ಕರವಸ್ತ್ರ ಹಿಡಿದರು. ನಾನು ಮಾತ್ರ ಅವಳ ಕಡೆಗೆ ಇನ್ನಷ್ಟು ಸರಿದು, ಕಣ್ಣು ಮುಚ್ಚಿ ಉಸಿರೆಳೆದುಕೊಂಡೆ. ಅದು ನನ್ನ ಅಪ್ಪನ ವಾಸನೆ. ಆದರೆ ನಿಮಗೆ ನಿಜ ಹೇಳಬೇಕು, ಚಿಕ್ಕವಳಿದ್ದಾಗ ಅದು ನನ್ನ ಹತ್ತಿರ ಸುಳಿಯದಂತೆ ಅಪ್ಪ ಕಾದಿದ್ದ.

ಅಪ್ಪ ನಿಪ್ಪಾಣಿಯ ವಖಾರಿಯೊಂದರಲ್ಲಿ ಹಮಾಲ. ಅವನ ಬೆನ್ನು ಎಷ್ಟು ಅಗಲವಿತ್ತೆಂದರೆ, ತಂಬಾಕಿನ ಚೀಲ ಅದರ ಮೇಲೆ ಕೂಸಿನ ಹಾಗೆ ಕೂತಿರುತ್ತಿತ್ತು. ಅಷ್ಟು ತಂಬಾಕು ಹೊತ್ತವನು ಒಂದು ಚಿಟಿಕೆಯನ್ನೂ ಬಾಯಿಗಿಟ್ಟವನಲ್ಲ. ಗೆಳೆಯರು ಕಾಡಿದರೆ, "ಬೆನ್ನ ಮ್ಯಾಲ ಇಟಗೊಂಡೇನಲಾ, ಸಾಕ ಬಿಡ್ರಿ" ಎಂದು ನಗುತ್ತಿದ್ದ. ನನಗೋ ದಮ್ಮು. ತಂಬಾಕಿನ ಧೂಳು ಸೋಕಿದರೆ ಸಾಕು, ಎದೆ ಸಿಳ್ಳು ಹಾಕುತ್ತಿತ್ತು. ಅದಕ್ಕೆ ಅಪ್ಪ ಎಂದೂ ಮುಂಬಾಗಿಲಿನಿಂದ ಮನೆಗೆ ಬರಲಿಲ್ಲ. ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗಿ, ಅಂಗಿ ಧೋತರ ಬಕೆಟ್ಟಿನಲ್ಲಿ ಮುಳುಗಿಸಿ, ಬಚ್ಚಲ ಕಲ್ಲಿನ ಮೇಲೆ ಕೂತು ಮೈಯೆಲ್ಲ ಕೆಂಪಾಗುವಂತೆ ತಿಕ್ಕಿಕೊಳ್ಳುತ್ತಿದ್ದ. ಆಮೇಲೆ ಹಿತ್ತಲ ಬಾಗಿಲ ಹೊರಗೇ ನಿಂತು, "ಒಳಗ ಬರ್ಲೇನವಾ?" ಎಂದು ಕೇಳುತ್ತಿದ್ದ. ನಾನು ಅವನ ಅಂಗೈ ಮೂಸಿ, ದೊಡ್ಡ ಅಧಿಕಾರಿಯ ಠೀವಿಯಲ್ಲಿ, "ಬಾ ಅಪ್ಪಾ, ಒಳಗ ಬಾ" ಎಂದ ಮೇಲೆಯೇ ಹೊಸ್ತಿಲು ದಾಟುತ್ತಿದ್ದ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ಹುಡುಗಿಯ ಅಪ್ಪಣೆಗೆ ಕಾಯುತ್ತಿದ್ದನಲ್ಲ ಎಂದು ಈಗಲೂ ಬೆರಗಾಗುತ್ತದೆ.

ಒಂದು ಚಳಿಗಾಲದ ಸಂಜೆ ನನ್ನ ದಮ್ಮು ಜೋರಾಯಿತು. ಎಳೆದ ಉಸಿರು ಒಳಗೆ ಹೋಗಲೊಲ್ಲದು. ಸುದ್ದಿ ಮುಟ್ಟಿದ ಕೂಡಲೇ ಅಪ್ಪ ವಖಾರಿಯಿಂದ ಓಡಿ ಬಂದ, ಮೈತುಂಬ ಕಂದು ಧೂಳು. ಅವ್ವ ನನ್ನನ್ನು ಅವನತ್ತ ಚಾಚಿ, "ಲಗೂನ ಎತಗೋರಿ, ದವಾಖಾನಿಗೆ ನಡೀರಿ!" ಎಂದು ಚೀರಿದಳು. ಅಪ್ಪನ ಕೈಗಳು ಮುಂದೆ ಬಂದವು, ಹಾಗೆಯೇ ಹಿಂದೆ ಸರಿದವು. "ಹಿಂಗ ಮುಟ್ಟಿದ್ರ ಕೂಸ ಉಳಿಯೂದಿಲ್ಲ" ಎಂದವನೇ ಹಿತ್ತಲಿಗೆ ಹಾರಿ, ಅಂಗಿ ಕಿತ್ತೆಸೆದು, ತುಂಬಿದ ತಣ್ಣೀರಿನ ಹಂಡೆಯನ್ನೇ ಎತ್ತಿ ತಲೆಯ ಮೇಲೆ ಸುರಿದುಕೊಂಡ. ಹಸಿಮೈಯಲ್ಲೇ ನನ್ನನ್ನು ಕೌದಿಯಲ್ಲಿ ಸುತ್ತಿ ಎದೆಗವಚಿಕೊಂಡು ಓಡಿದ. ದಾರಿಯುದ್ದಕ್ಕೂ ಅವನ ಹಲ್ಲು ಕಟಕಟ ಎನ್ನುವುದು ಕೇಳುತ್ತಿತ್ತು. ಮಗು ಕಣ್ಣೆದುರೇ ಒದ್ದಾಡುವಾಗ ಚಾಚಿದ ಕೈಯನ್ನು ಹಿಂದೆಳೆದುಕೊಳ್ಳಲು ಎಂಥ ಗುಂಡಿಗೆ ಬೇಕು ಎನ್ನುವುದು ನಾನೇ ತಾಯಿಯಾದ ಮೇಲೆ ನನಗೆ ತಿಳಿಯಿತು.

ದೊಡ್ಡವಳಾಗುತ್ತ ನನ್ನ ದಮ್ಮು ವಾಸಿಯಾಯಿತು. ವಯಸ್ಸಾಗಿ ಅಪ್ಪನೂ ಕೆಲಸ ಬಿಟ್ಟ. ಆ ವಖಾರಿ ಇದ್ದಲ್ಲಿ ಈಗ ಮದುವೆಯ ಮಂಗಲ ಕಾರ್ಯಾಲಯವಾಗಿದೆ. ಆದರೂ ನಾನು ತವರಿಗೆ ಹೋದಾಗಲೆಲ್ಲ, ಪೇಟೆಯಿಂದ ಬರೀ ಕೊತ್ತಂಬರಿ ತಂದಿದ್ದರೂ ಅಪ್ಪ ಹಿತ್ತಲಿಗೇ ಹೋಗಿ ಮೈತೊಳೆದು ಬಾಗಿಲ ಹೊರಗೆ ನಿಲ್ಲುತ್ತಿದ್ದ.

"ಈಗ ನನಗೇನ ಆಗೂದಿಲ್ಲಪ್ಪಾ, ಮುಂದಿನ ಬಾಗಲದಿಂದ ಬಾ."

"ಇರ್ಲಿ ತಗೋವಾ, ರೂಢಿ ಬಿದ್ದೈತಿ."

ಅವನ ಅಂಗೈ ಮೂಸಲು ನನ್ನ ಮಕ್ಕಳು ನಾ ಮುಂದು ತಾ ಮುಂದು ಎಂದು ಓಡುತ್ತಿದ್ದರು.

ಅಪ್ಪ ತೀರಿಕೊಂಡಾಗ ಅದೇ ಬಚ್ಚಲ ಕಲ್ಲಿನ ಮೇಲೆ ಕೂರಿಸಿ ಕೊನೆಯ ನೀರು ಹಾಕಿದರು. ನಾನೂ ಒಂದು ತಂಬಿಗೆ ಬಿಸಿನೀರು ಸುರಿದೆ. ನೀರೆಲ್ಲ ಇಳಿದ ಮೇಲೆ ಬಾಗಿ ಅವನ ಅಂಗೈ ಮೂಸಿದೆ. "ಬಾ ಅಪ್ಪಾ, ಒಳಗ ಬಾ" ಎಂಬ ಮಾತು ತಾನಾಗಿ ಬಾಯಿಗೆ ಬಂತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಭುಜ ಹಿಡಿದು, "ಹೊರಗ ತಂದ ಮ್ಯಾಲ ಮತ್ತ ಒಳಗ ಒಯ್ಯಬಾರದವಾ" ಎಂದರು.

ಅವ್ವ ಎದ್ದು ಹೋಗಿ, ಹಿತ್ತಲ ಬಾಗಿಲಿನ ಎರಡೂ ಕದ ತೆರೆದು ನಿಂತಳು.