ಶಿಬಿರದಿಂದ ಮನೆಗೆ ಬರುವ ಬಸ್ಸು

ಮೊದಲೇ ಹೇಳಿಬಿಡುತ್ತೇನೆ ಮಕ್ಕಳೇ, ಬೇಸಿಗೆ ಶಿಬಿರ ಎಂದರೆ ನನ್ನ ಮೊಣಕಾಲುಗಳಿಗೆ ಭಯ. ಈ ವರ್ಷ ಸಿಂಚನಾ, ಚಿಂಟು, ನಿಮ್ಮಿಬ್ಬರ ಸರದಿಯಂತೆ. ನಿಮ್ಮ ಅಮ್ಮ ಮಾಲೂರಿನಿಂದ ಫೋನ್ ಮಾಡಿ, "ಶಿಬಿರಕ್ಕೆ ಹೋದ್ರೆ ಜೀವನಪೂರ್ತಿ ಉಪಯೋಗಕ್ಕೆ ಬರುತ್ತೆ ಕಣಮ್ಮ, ದಿನಾ ಕರ್ಕೊಂಡ್ ಹೋಗಿ ಬಾ" ಎಂದಳು. ನಾನು ಹೂಂ ಎಂದೆ. ಯಾರು ಏನು ಹೇಳಿದರೂ ಹೂಂ ಎನ್ನುವುದು ನನ್ನ ಹಳೆಯ ಕಾಯಿಲೆ.

ನಮ್ಮ ಕಾಲದಲ್ಲಿ ಬೇಸಿಗೆ ರಜೆ ಎಂದರೆ ಹುಣಸೆಹಣ್ಣು ಬಡಿದು ಬೀಜ ತೆಗೆಯುವುದು. ಅದಕ್ಕೆ ಯಾರೂ ಪ್ರಮಾಣಪತ್ರ ಕೊಡಲಿಲ್ಲ, ಆದರೆ ಹೆಬ್ಬೆರಳಿನ ಮೇಲಿನ ಗಾಯದ ಗುರುತು ಇನ್ನೂ ಇದೆ. ಜೀವನಪೂರ್ತಿ ಉಳಿಯುವುದೆಂದರೆ ಅದೂ ಒಂದು. ಇನ್ನೊಂದು ನನ್ನ ನಾಚಿಕೆ. ಊರ ಶಾಲೆಗೆ ಇನ್ಸ್‌ಪೆಕ್ಟರು ಬಂದು ಹೆಸರು ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಪಕ್ಕದ ಹುಡುಗಿಯೇ ನನ್ನ ಹೆಸರು ಹೇಳಿದಳು. ಮದುವೆಯಾದ ಮೇಲೆ ನನ್ನ ಪಾಲಿನ ಮಾತೆಲ್ಲ ನಿಮ್ಮ ತಾತನೇ ಆಡುತ್ತಿದ್ದರು. ಬಸ್ಸು ನಮ್ಮೂರ ಹುಣಸೆಮರದ ಹತ್ತಿರ ಬಂದಾಗ "ನಿಲ್ಸಪ್ಪಾ" ಎನ್ನುವುದೂ ಅವರೇ. ಅವರು ಹೋದ ಮೇಲೆ, ಆ ಮರದ ಹತ್ತಿರ ಬೇರೆ ಯಾರಾದರೂ ಇಳಿದರೆ ನಾನೂ ಇಳಿಯುತ್ತಿದ್ದೆ. ಇಲ್ಲದಿದ್ದರೆ ಮುಂದಿನ ಊರಿನವರೆಗೆ ಹೋಗಿ, ಬಿಸಿಲಿನಲ್ಲಿ ನಡೆದು ವಾಪಸ್ಸು. ಕೇಳಿದವರಿಗೆ, ಡಾಕ್ಟರು ನಡೆಯಲು ಹೇಳಿದ್ದಾರೆ ಎನ್ನುತ್ತಿದ್ದೆ.

ಮೂರು ವರ್ಷದ ಹಿಂದೆ ನಿಮ್ಮ ಅಕ್ಕ ಹರ್ಷಿತಾ ಇದೇ ಶಿಬಿರಕ್ಕೆಂದು ನನ್ನ ಹತ್ತಿರ ಬಂದಳು. ಆಗ ಅವಳಿಗೆ ಒಂಬತ್ತು ವರ್ಷ. ಯಾರು ಮಾತಾಡಿಸಿದರೂ ನನ್ನ ಸೆರಗಿನ ಹಿಂದೆ. ನಿಮ್ಮ ಅಮ್ಮ ಅವಳನ್ನು ಬಿಟ್ಟು ಹೋಗುವಾಗ, "ಇವಳೂ ನಿನ್ ಥರಾನೇ ಆಗ್ಬಿಟ್ರೆ ಏನಮ್ಮಾ ಗತಿ?" ಎಂದಳು. ನೋಯಿಸಬೇಕೆಂದು ಆಡಿದ ಮಾತಲ್ಲ. ಆದರೂ ನನಗೆ ಎರಡು ದಿನ ಊಟ ಸೇರಲಿಲ್ಲ. ಮಗುವಿಗೆ ನನ್ನ ಮೂಗು ಬಂದಿದ್ದರೆ ಬರಲಿ, ನನ್ನ ಬಾಯಿ ಬರುವುದು ಬೇಡವಾಗಿತ್ತು.

ಹದಿನೈದು ದಿನ ಬೆಳಿಗ್ಗೆ ಮುಳಬಾಗಿಲಿಗೆ ಬಸ್ಸು, ಮಧ್ಯಾಹ್ನದವರೆಗೆ ಶಿಬಿರದ ಜಗಲಿಯಲ್ಲಿ ತೂಕಡಿಕೆ, ಮತ್ತೆ ಬಸ್ಸು. ಆ ಹೊತ್ತಿನ ಬಸ್ಸಿನಲ್ಲಿ ನಮ್ಮೂರಿನವರು ಯಾರೂ ಇರುತ್ತಿರಲಿಲ್ಲ. ಹಾಗಾಗಿ ಅಜ್ಜಿ ಮೊಮ್ಮಗಳು ದಿನವೂ ಮುಂದಿನ ಊರಿನಿಂದ ನಡೆದೇ ಬಂದೆವು. ಸಂಜೆ ನಿಮ್ಮ ಅಮ್ಮನ ಫೋನು: "ಇವತ್ತು ಏನ್ ಕಲಿತೆ? ಯಾರ ಜೊತೆ ಮಾತಾಡ್ದೆ?" "ಏನಿಲ್ಲ" ಎನ್ನುವಳು ಹರ್ಷಿತಾ. ಫೋನಿಟ್ಟ ಮೇಲೆ ಅದನ್ನೇ ನಾನೂ ಕೇಳುತ್ತಿದ್ದೆ. ಅದೇ "ಏನಿಲ್ಲ."

ಆಗ ಮೂಲೆಯ ಕೋಣೆಯಲ್ಲಿ ಹುಲ್ಲು ಹಾಸಿ ಮಾವಿನಕಾಯಿ ಹಣ್ಣಿಗಿಟ್ಟಿದ್ದೆ. ಅವಳು ದಿನಾ ಹೋಗಿ ಹುಲ್ಲು ಸರಿಸಿ ಒತ್ತಿ ನೋಡುವಳು.

"ಏಯ್, ಹಂಗೆ ದಿನಾ ತೆಗೆದು ನೋಡಿದ್ರೆ ಕಾವು ಹೋಗುತ್ತೆ ಕಣೇ! ಅದರ ಪಾಡಿಗೆ ಬಿಡು."

"ನೀವು ಮಾತ್ರ ನನ್ನ ದಿನಾ ಕೇಳ್ತೀರಲ್ಲ ಅಜ್ಜಿ" ಎಂದು ಗೊಣಗಿ ಹೊರಗೆ ಹೋದಳು.

ಕೊನೆಯ ದಿನ ಪ್ರತಿ ಮಗುವೂ ಮೈಕಿನ ಮುಂದೆ ತನ್ನ ಹೆಸರು, ಕಲಿತದ್ದೊಂದು ಹೇಳಬೇಕಿತ್ತು. ಹರ್ಷಿತಾ ವೇದಿಕೆ ಹತ್ತಿದಳು, ಗೋಡೆಯ ಮೇಲಿನ ಹಲ್ಲಿಯನ್ನು ನೋಡುವಂತೆ ಮೈಕನ್ನು ನೋಡಿದಳು, ಇಳಿದು ಬಂದಳು. "ಪರವಾಗಿಲ್ಲ ಪುಟ್ಟಾ" ಎಂದರು ಟೀಚರು. ನನಗೆ ಇನ್ಸ್‌ಪೆಕ್ಟರು ಬಂದ ದಿನವೇ ನೆನಪಾಯಿತು. ಸಂಜೆಯ ಫೋನಿಗೆ ಏನು ಹೇಳುವುದು?

ಬಸ್ಸಿನ ತುಂಬ ಜನ, ಕಾಲಡಿಯಲ್ಲೆಲ್ಲ ಟೊಮೇಟೊ ಕ್ರೇಟುಗಳು. ಹುಣಸೆಮರ ಕಂಡಿತು. ನನ್ನ ಕಾಲಿನಲ್ಲಿ ಆ ದಿನ ನಡೆಯುವ ಶಕ್ತಿ ಇರಲಿಲ್ಲ. ಕಂಬಿ ಹಿಡಿದು ಬಾಯಿ ತೆರೆದೆ, ದನಿ ಬರಲಿಲ್ಲ. ಆಗ ನನ್ನ ಪಕ್ಕದಿಂದ ಕೂಗು ಎದ್ದಿತು:

"ಅನ್ನಾ, ಆಪಂಡನ್ನಾ! ಮಾ ಅವ್ವ ದಿಗಾಲ!"

ನಿಲ್ಲಿಸಿ ಅಣ್ಣಾ, ನಮ್ಮಜ್ಜಿ ಇಳಿಯಬೇಕು ಎಂದು ಅಚ್ಚ ತೆಲುಗಿನಲ್ಲಿ ಕೂಗಿದವಳು ಹರ್ಷಿತಾ. ನಮ್ಮ ಗಡಿ ಕಡೆಯ ಬಸ್ಸುಗಳಲ್ಲಿ ತೆಲುಗು ಮಾಮೂಲು, ಆದರೆ ಮಾಲೂರಿನ ಮನೆಯಲ್ಲಿ ಅದನ್ನು ಆಡುವವರೇ ಇಲ್ಲ. ಬಸ್ಸು ಗಕ್ಕನೆ ನಿಂತಿತು.

"ಇಲ್ಲೇನಾ ನಿಮ್ಮನೆ?" ಎಂದ ಕಂಡಕ್ಟರು. "ದಿನಾ ಮುಂದಿನೂರಲ್ಲಿ ಇಳೀತಿದ್ರಿ, ಅಲ್ಲೇ ಇರೋರು ಅಂದ್ಕೊಂಡಿದ್ದೆ! ಒಂದ್ ಮಾತು ಹೇಳ್ಬಾರ್ದಾ ಅವ್ವಾ?"

ಬಸ್ಸೆಲ್ಲ ನಕ್ಕಿತು. ಮರದ ನೆರಳಿನಲ್ಲಿ ನಿಂತು ಕೇಳಿದೆ, "ತೆಲುಗು ಎಲ್ಲೇ ಕಲಿತೆ?"

"ಶಿಬಿರದಲ್ಲಿ ರಮ್ಯಾ ಇದಾಳಲ್ಲ, ಅವಳಿಗೆ ಕನ್ನಡ ಸರಿಯಾಗಿ ಬರಲ್ಲ. ಇಬ್ರೂ ಮಾತಾಡ್ತಾನೇ ಇರ್ತಿದ್ವಿ."

"ಮತ್ತೆ ಕೇಳಿದ್ರೆ ಏನಿಲ್ಲ ಅಂತಿದ್ದೆ?"

"ಅದು ಕಲಿಯೋದಲ್ವಲ್ಲ ಅಜ್ಜಿ, ಆಟ."

ಸಂಜೆಯ ಫೋನಿಗೆ ನಾನೇ ಉತ್ತರ ಕೊಟ್ಟೆ: "ಮೈಕಲ್ಲಿ ಮಾತಾಡ್ಲಿಲ್ಲ. ಬಸ್ಸು ನಿಲ್ಸಿದ್ಲು." ನಿಮ್ಮ ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಹರ್ಷಿತಾ ಈಗಲೂ ಮೈಕಿನ ಹತ್ತಿರ ಸುಳಿಯುವುದಿಲ್ಲ. ಅದು ಹೋಗಲಿ ಬಿಡಿ. ಶಿಬಿರದ ಪ್ರಮಾಣಪತ್ರದಲ್ಲಿ ಅವಳ ಹೆಸರಿದೆ, ಆದರೆ ಉಪಯೋಗದಲ್ಲಿ ಅರ್ಧ ನನ್ನ ಪಾಲಿಗೂ ಬಂದಿದೆ. ಒಬ್ಬಳೇ ಹೋದಾಗಲೂ ಹುಣಸೆಮರ ಎರಡು ತಿರುವು ದೂರವಿರುವಾಗಲೇ ಎದ್ದು ನಿಂತು "ಆಪಂಡಿ" ಎನ್ನುತ್ತೇನೆ. ದೊಡ್ಡ ದನಿಯೇನಲ್ಲ, ಕಂಡಕ್ಟರಿಗೆ ಕೇಳಿಸುವಷ್ಟು.

ನೀವೂ ಬನ್ನಿ. ಏನು ಕಲಿತಿರಿ ಎಂದು ನಾನು ಕೇಳುವುದಿಲ್ಲ. ದಣಿವಂತೂ ಆಗುತ್ತದೆ, ವಯಸ್ಸಿನದು. ಮುಂದಿನ ಊರಿನಿಂದ ನಡೆಯುವುದು ಮಾತ್ರ ಇನ್ನಿಲ್ಲ.