ಸರಳಿನ ತುದಿಗೆ ತಂಬಿಗೆ

ಎಂಬತ್ತರ ದಶಕದ ಕೊನೆ ಇರಬೇಕು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ನಿಪ್ಪಾಣಿಯ ಸೋದರಮಾವನ ಮನೆಗೆ ಬಂದಿದ್ದೆ. ಹಿಂದಿನ ವರ್ಷ ಊರ ಹೊರಗೆ ಯಾರದೋ ತಂಬಾಕು ತುಂಬಿಡುವ ವಖಾರಿಗೆ ಸಿಡಿಲು ಬಡಿದು ಮಾಲೆಲ್ಲ ಬೂದಿಯಾಗಿತ್ತು. ಮಾವನ ವಖಾರಿಯಲ್ಲೂ ಇಡೀ ವರ್ಷದ ತಂಬಾಕು ತುಂಬಿತ್ತು. ಅದರ ಮೇಲೆ ಸಿಡಿಲು ಹಿಡಿಯುವ ತಾಮ್ರದ ಸರಳು ನಿಲ್ಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಸರಳು ನಿಲ್ಲಿಸಿ, ತಾಮ್ರದ ಪಟ್ಟಿಯನ್ನು ನೆಲದೊಳಗೆ ಇಳಿಸಿ, ಊಟ ಮಾಡಿ ಬರುವಷ್ಟರಲ್ಲಿ ಅದರ ಮೊನೆಗೆ ಹಿತ್ತಾಳೆಯ ತಂಬಿಗೆಯೊಂದನ್ನು ಬೋರಲು ಹಾಕಿ ಬಿಗಿದಿದ್ದರು. ಅಜ್ಜಿಯ ಅಪ್ಪಣೆ. ನಮ್ಮದು ಜೈನರ ಮನೆ. ಹುಳ ಸತ್ತೀತೆಂದು ಸೋಸದ ನೀರು ಕುಡಿಯುವವರಿಲ್ಲ. ಅಂಥವರ ಮಾಳಿಗೆಯ ಮೇಲೆ ಹಕ್ಕಿಯ ಹೊಟ್ಟೆಗೆ ಚುಚ್ಚುವಂಥದ್ದು ಇರಬಾರದಂತೆ.

ಇದ್ದಿಲು ತಗೊಂಡು ಗೋಡೆಯ ಮೇಲೆ ಗುಂಡು, ಮೊನೆ ಎರಡನ್ನೂ ಬರೆದೆ. ಲೋಹದ ಮೈಮೇಲೆ ವಿದ್ಯುದಾವೇಶ ಎಷ್ಟು ದಟ್ಟವೋ, ಅದಕ್ಕೆ ತಾಗಿದ ಗಾಳಿಯಲ್ಲಿ ವಿದ್ಯುತ್ ಕ್ಷೇತ್ರವೂ ಅಷ್ಟೇ ಪ್ರಬಲ. ಮೊನೆಯಲ್ಲಿ ಆವೇಶ ಕಿಕ್ಕಿರಿಯುತ್ತದೆ, ತಂಬಿಗೆಯ ಬೆನ್ನ ಮೇಲೆ ಹರಡಿ ತೆಳುವಾಗುತ್ತದೆ, ಸಿಡಿಲನ್ನು ಸೆಳೆಯುವ ಬಲ ಕುಗ್ಗುತ್ತದೆ ಎಂದೆ. ಅಜ್ಜಿ ಅಡಿಕೆ ಕತ್ತರಿಸುತ್ತ ಕೊನೆಯವರೆಗೂ ಕೇಳಿದಳು.

"ಹಕ್ಕಿಗೆ ಇದೆಲ್ಲಾ ಯಾರು ಹೇಳ್ಯಾರಪಾ?"

ಮಾವ ಕೇಳಿದ್ದು ಒಂದೇ. ತಂಬಿಗೆ ಇದ್ದರೆ ಸರಳು ಸಿಡಿಲನ್ನು ಹಿಡಿಯುವುದೇ ಇಲ್ಲವೇ? ಹಿಡಿಯಬಹುದು, ಆದರೆ... ಎಂದೆ. ಆ ‘ಆದರೆ’ಯ ನಂತರದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಖಂಡಿತ ಹಿಡಿಯೂದಿಲ್ಲ ಅಂದಿದ್ದರೆ ಅಂದೇ ತೆಗೆಸುತ್ತಿದ್ದ. ಹಾಗನ್ನಲು ನಾನು ಕಲಿತ ವಿದ್ಯೆ ಬಿಡಬೇಕಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಗುಡುಗಿನ ಮಳೆ ಬಂತು. ಕಿವಿಗಡಚಿಕ್ಕುವ ಸದ್ದು. ಓಡಿಹೋಗಿ ನೋಡಿದರೆ ವಖಾರಿಯ ಪಕ್ಕದ ಬೇವಿನ ಮರ ಸೀಳಿಕೊಂಡು ಹೊಗೆಯಾಡುತ್ತಿತ್ತು. ಮರ ಸೀಳಿದ್ದು ಬೇರೆ ವರ್ಷ, ಅದೂ ಗಾಳಿಗೆ ಎಂದು ಮಾವನ ಮಗಳು ಈಗಲೂ ವಾದಿಸುತ್ತಾಳೆ. ನನಗೆ ಹೊಗೆ ನೆನಪಿದೆ. ಮೊನೆ ಕೊಂಚ ಮೊಂಡಾದರೂ ಸರಳು ಸಿಡಿಲು ಹಿಡಿಯುತ್ತದೆ ಎಂದು ಆಮೇಲೆ ಎಲ್ಲೋ ಓದಿ ಸಿಟ್ಟು ಇನ್ನಷ್ಟು ಹೆಚ್ಚಿತು. ತುದಿಯನ್ನು ತುಸು ಉಜ್ಜಿದ್ದರೆ ಹಕ್ಕಿಗೂ ಚುಚ್ಚುತ್ತಿರಲಿಲ್ಲ, ತಂಬಿಗೆಯೂ ಬೇಕಿರಲಿಲ್ಲ.

ಮಾವ ಕದ ತೆಗೆದು ಒಂದೊಂದೇ ಚೀಲಕ್ಕೆ ಕೈಹಾಕಿ ನೋಡಿದ. ಒಣಗಿದ ತಂಬಾಕು ಇದ್ದ ಹಾಗೆಯೇ ಇತ್ತು.

"ತಂಬಿಗಿ ಕಾಪಾಡ್ತು ನೋಡು."

"ಸಿಡಿಲು ತಂಬಿಗಿಗೆ ಬರ್ಲೇ ಇಲ್ಲ ಮಾವಾ, ಅದಕ್ಕ ಮರಕ್ಕ ಬಡೀತು. ಸ್ವಲ್ಪ ಈ ಕಡೆ ಬಂದಿದ್ರ..."

"ಬರ್ಲಿಲ್ಲಲಾ?" ಎನ್ನುತ್ತ ಮಾವ ಬಾಗಿಲ ಬಳಿ ಮಳೆಯ ಇರಚಲು ಬಡಿಯುತ್ತಿದ್ದ ಚೀಲದ ಒಂದು ತುದಿ ಎತ್ತಿದ. "ಆ ಕಡೆ ಹಿಡಿ. ಒಳಗ ಸರಸೂಣು."