ಹೊಳೆಯಾಚೆಯ ಮದರಂಗಿ

ಊಜ್ದಾದಿಂದ ಅಲ್ಜೀರಿಯಾದ ಗಡಿನಾಕೆಗೆ ಹೋಗುವ ರಸ್ತೆಯಲ್ಲಿ ಬೂಜೆಮಾನ ಊಟದಂಗಡಿಯಿದೆ. ಪಕ್ಕದ್ದೇ ನನ್ನ ಪಂಕ್ಚರ್ ಅಂಗಡಿ. ನಾಕೆ ಮುಚ್ಚಿದ ಮೇಲೆ ಈ ರಸ್ತೆಯಲ್ಲಿ ಟೈರು ಸವೆಸುವವರೇ ಇಲ್ಲ. ಹಾಗಾಗಿ ಅವನ ಬದುಕು ಹೇಗೆ ಹಾಳಾಯಿತೆಂದು ಕೂತು ನೋಡಲು ನನಗೆ ಬೇಕಾದಷ್ಟು ಪುರುಸೊತ್ತು ಸಿಕ್ಕಿತು.

ಐದು ದೇಶಗಳ ದೊಡ್ಡವರು ಮರಾಕೆಶ್‌ನಲ್ಲಿ ಸೇರಿ, ಇನ್ನು ಮುಂದೆ ನಮ್ಮದೆಲ್ಲ ಒಂದೇ ಸಂತೆ ಎಂದು ಸಹಿ ಹಾಕಿದ ವರ್ಷ ಅವನು ಅಂಗಡಿ ತೆರೆದ. ಗೋಡೆಯ ಮೇಲೆ ಐದೂ ದೇಶಗಳ ಬಾವುಟ ಬರೆಸಿದ. ಆಗ ಅಲ್ಜೀರಿಯಾದವರು ಕಾರು ತುಂಬ ಬಂದು, ಇವನ ಹರೀರಾ ಸಾರು ಕುಡಿದು, ನಮ್ಮೂರಿನ ಬಳೆಯಂಥ ಕಾಕ್ ಬಿಸ್ಕತ್ತನ್ನು ಮೂಟೆಗಟ್ಟಲೆ ಒಯ್ಯುತ್ತಿದ್ದರು. ಅವನ ಹೆಂಡತಿ ಬಾಣಂತನದಲ್ಲೇ ತೀರಿಕೊಂಡಿದ್ದಳು. ಮಗಳು ನಜಾತಳನ್ನು ಸಾಕಿದವಳು ಬೂಜೆಮಾನ ತಂಗಿ ಯಾಮ್ನಾ. ಕೆಲವು ವರ್ಷಗಳಲ್ಲಿ ಯಾಮ್ನಾಳನ್ನು ಗಡಿಯಾಚೆಯ ಮಗ್ನಿಯಾಕ್ಕೆ ಮದುವೆ ಮಾಡಿಕೊಟ್ಟರು. ದೂರವೇನಲ್ಲ, ಮಧ್ಯಾಹ್ನ ಹೊರಟರೆ ಸಂಜೆಯ ಚಹಾಕ್ಕೆ ವಾಪಸು ಬರಬಹುದಿತ್ತು. ಹೊರಡುವಾಗ ಅಣ್ಣನಿಂದ ಒಂದು ಮಾತು ತೆಗೆದುಕೊಂಡಳು: ನಜಾತಳ ಮದುವೆಗೆ ಮದರಂಗಿಯನ್ನು ತಾನೇ ಹಚ್ಚಬೇಕು. ತಾಯಿಯಿಲ್ಲದ ಮದುಮಗಳಿಗೆ ಸೋದರತ್ತೆ ಹಚ್ಚುವುದು ಅವರ ಮನೆತನದ ರೂಢಿಯೂ ಆಗಿತ್ತು.

ಆಮೇಲೆ ಎರಡು ರಾಜಧಾನಿಗಳು ಮುನಿಸಿಕೊಂಡವು, ನಾಕೆ ಮುಚ್ಚಿತು. ಆ ನಾಕೆಗೆ ಹಿಂದಿನಿಂದಲೂ ‘ಎರಡು ಹೇಸರಗತ್ತೆ’ ಎಂದು ಹೆಸರು. ಇಟ್ಟವರು ತಿಳಿದೇ ಇಟ್ಟಿರಬೇಕು.

ಈ ರಸ್ತೆಯವರಿಗೆಲ್ಲ ಒಂದು ಹುಚ್ಚು. ಎಲ್ಲೋ ಒಂದು ಸಭೆಯಲ್ಲಿ ಎರಡೂ ಕಡೆಯ ಮಂತ್ರಿಗಳು ಕೈಕುಲುಕಿದರೆ ಸಾಕು, ನಾಕೆ ತೆರೆದೇಬಿಟ್ಟಿತೆಂದು ಬಾಗಿಲಿಗೆ ಬಣ್ಣ ಹೊಡೆಸುತ್ತೇವೆ. ನಾನೂ ಒಮ್ಮೆ ಗುಡ್ಡೆ ಟೈರು ತರಿಸಿ ಮೋಸಹೋದವನೇ. ಬೂಜೆಮಾ ಪ್ರತಿ ಸಲವೂ ಬಾವುಟಗಳಿಗೆ ಹೊಸ ಬಣ್ಣ ಬಳಿಸುತ್ತಿದ್ದ. ಅಷ್ಟಕ್ಕೇ ನಿಲ್ಲದೆ ಮಗಳ ಮದುವೆಯನ್ನೂ ಮುಂದಕ್ಕೆ ಹಾಕುತ್ತಿದ್ದ.

ನಜಾತಳಿಗೆ ಶಾಲೆ ಮೇಷ್ಟ್ರು ತಯ್ಯಿಬನ ಜೊತೆ ನಿಶ್ಚಯವಾಗಿತ್ತು. ಒಳ್ಳೆಯ ಹುಡುಗ. ಈದ್‌ಗೆ ತೆರೆಯುತ್ತಾರೆ ಎಂದ ಬೂಜೆಮಾ. ಈದ್ ಕಳೆಯಿತು, ಆಲಿವ್ ಕೊಯ್ಲಿನ ಹೊತ್ತಿಗೆ ಎಂದ. ಯಾಮ್ನಾಳ ಗಂಡ ಹಾಸಿಗೆ ಹಿಡಿದಿದ್ದ. ಅವನನ್ನು ಬಿಟ್ಟು ವಿಮಾನದಲ್ಲಿ ದೇಶ ಸುತ್ತಿಕೊಂಡು ಬರುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಕೊನೆಗೆ ಆ ವಿಮಾನವೂ ನಿಂತಿತು.

“ಹುಡುಗನ ಮನೆಯೋರು ಎಷ್ಟು ದಿನ ಅಂತ ಕಾಯ್ತಾರೆ ಮಾರಾಯ? ಮದರಂಗಿ ಯಾರು ಹಚ್ಚಿದ್ರೂ ಕೆಂಪಗೇ ಆಗೋದು,” ಎಂದು ನಾನು ಬೈದಿದ್ದೆ.

“ಮಾತು ಕೊಟ್ಟಿದೀನಿ. ನಾನೇನು ಮಂತ್ರಿನಾ, ಕೊಟ್ಟು ಮರೆಯೋಕೆ?” ಎಂದ.

ಒಂದು ದಿನ ತಯ್ಯಿಬನ ತಾಯಿ ಬಂದರು. ಪುದೀನ ಚಹಾ ಕುಡಿದು, ಎಲ್ಲರ ಆರೋಗ್ಯ ವಿಚಾರಿಸಿ, ಉಂಗುರ ವಾಪಸು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ನಜಾತ್ ಅದನ್ನು ಬಿಚ್ಚಿ ಕೊಟ್ಟಳು. ತಯ್ಯಿಬನಿಗೆ ಈಗ ಮೂರು ಮಕ್ಕಳು. ನಜಾತಳಿಗೆ ಆಮೇಲೆ ಯಾವ ಸಂಬಂಧವೂ ಕೂಡಿಬರಲಿಲ್ಲ. ಇದನ್ನು ಯಾಮ್ನಾಗೆ ಹೇಳಲು ಅಪ್ಪನಿಗೂ ಬಾಯಿ ಬರಲಿಲ್ಲ, ಮಗಳಿಗೂ ಬರಲಿಲ್ಲ.

ಸೈದಿಯಾ ದಾರಿಯಲ್ಲಿ ಎರಡೂ ದೇಶಗಳ ರಸ್ತೆಗಳು ಒಂದೇ ಹೊಳೆಯ ಎರಡು ದಂಡೆಗೆ ಬರುವ ಜಾಗವೊಂದಿದೆ. ಹಬ್ಬ ಬಂದರೆ ಜನ ಬೇಲಿ ಹಿಡಿದು ನಿಂತು, ಆಚೆಯ ನೆಂಟರ ಜೊತೆ ಕೂಗಿ ಮಾತಾಡುತ್ತಾರೆ. ಈ ಸಲದ ಈದ್‌ಗೆ ಅಪ್ಪ-ಮಗಳಿಬ್ಬರನ್ನೂ ನನ್ನ ವ್ಯಾನಿನಲ್ಲಿ ಅಲ್ಲಿಗೆ ಕರೆದೊಯ್ದೆ. ಯಾಮ್ನಾ ಕೋಲೂರಿಕೊಂಡು ಆಚೆ ದಂಡೆಗೆ ಬಂದಿದ್ದಳು. ಕೈಯಲ್ಲಿದ್ದ ಬಟ್ಟೆಯ ಚೀಲವನ್ನು ಎತ್ತಿ ತೋರಿಸಿದಳು.

“ಮದರಂಗಿ ಕಣೇ! ಹೊಸದಾಗಿ ಕುಟ್ಟಿಟ್ಟಿದೀನಿ. ಹುಡುಗ ಏನಂತಾನೆ?”

ನಜಾತ್ ಅಪ್ಪನ ಕಡೆ ನೋಡಿದಳು. ಅವನು ನೀರು ನೋಡುತ್ತಿದ್ದ. ಅವಳ ಕಿವಿಯ ಪಕ್ಕದ ಕೂದಲು ನರೆತಿದೆ. ಆಚೆ ದಂಡೆಯವರಿಗೆ ಅದು ಕಾಣುವುದಿಲ್ಲ.

“ಕಾಯ್ತಿದಾನೆ ಅತ್ತೆ,” ಎಂದು ಕೂಗಿದಳು.

“ಬೇಜಾರು ಮಾಡ್ಕೋಬೇಡ ಅನ್ನು. ಚಳಿಗಾಲದೊಳಗೆ ತೆರೀತಾರಂತೆ.”

“ಹೇಳ್ತೀನಿ.”

ಅಷ್ಟರಲ್ಲಿ ಪಹರೆಯವನು ಸೀಟಿ ಊದಿ ಎಲ್ಲರನ್ನೂ ಚದುರಿಸಿದ.

ವಾಪಸು ಬರುವಾಗ, ಊರು ಹತ್ತಿರವಾದಂತೆ ಬಣ್ಣದಂಗಡಿ ಕಂಡು ಬೂಜೆಮಾ ವ್ಯಾನು ನಿಲ್ಲಿಸು ಎಂದ. ತಂಗಿ ಹೇಳಿದ್ದು ನಿನಗೂ ಕೇಳಿಸಿತಲ್ಲ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು, ಕೇಳದವನಂತೆ ಓಡಿಸುತ್ತಲೇ ಇದ್ದೆ.

ಹಿಂದಿನ ಸೀಟಿನಿಂದ ನಜಾತ್ ನನ್ನ ಹೆಗಲು ಮುಟ್ಟಿದಳು.

“ನಿಲ್ಸಿ ಮಾವ. ಬಾವುಟ ಮಾಸಿದೆ.”